ಇಪ್ಪತ್ತೆರಡು ಸರಿ ಉತ್ತರಗಳು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಸಂಘದ ಸಂಸ್ಥಾಪಕರಾದ ಡಾಕ್ಟರ್ ದೊಡ್ಡಬಸಪ್ಪನವರೇ, ಪ್ರಶಸ್ತಿ ಫಲಕವನ್ನು ಮಡಿಲಲ್ಲೇ ಇಟ್ಟುಕೊಂಡು ಬೆಂಗಳೂರಿನಿಂದ ಬಂದಿರುವ ರಾಜ್ಯ ಒಕ್ಕೂಟದ ಅತಿಥಿಗಳೇ, ನಿನ್ನೆಯಿಂದ ಒಂದು ಕ್ಷಣವೂ ಕುಳಿತುಕೊಳ್ಳದ ಕಾರ್ಯದರ್ಶಿ ರುದ್ರೇಶ ಅವರೇ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸದಸ್ಯರೇ, ಸದಸ್ಯರಿಗಿಂತ ಮೊದಲೇ ಬಂದು ಮುಂದಿನ ಸಾಲು ಹಿಡಿದಿರುವ ಅವರ ಕುಟುಂಬದವರೇ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ಕಸ್ತೂರೆಮ್ಮ ಅವರೇ, ಸಭಿಕರೇ.

ದಯವಿಟ್ಟು ಹಿಂದಕ್ಕೆ ತಿರುಗಿ ನೋಡಬೇಡಿ, ಅವರಿಗೆ ಮುಜುಗರವಾಗುತ್ತದೆ. ಇನ್ನು ಹತ್ತು ನಿಮಿಷಕ್ಕೆ ನೀವಾಗಿಯೇ ನೋಡುತ್ತೀರಿ.

ನನ್ನ ಕೈಯಲ್ಲಿರುವ ಭಾಷಣದ ಮೊದಲ ಪುಟವನ್ನು ರುದ್ರೇಶ ಅವರು ಬರೆದುಕೊಟ್ಟಿದ್ದಾರೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ವೇದಿಕೆಯ ಕನ್ನಡ ನನಗೆ ತಡವಾಗಿ ಬಂದದ್ದು, ಇನ್ನೂ ಪೂರ್ತಿ ಬಂದಿಲ್ಲ. ಹಾಗಾಗಿ ಪ್ರತಿ ವರ್ಷ ಅವರು ಬರೆದುಕೊಡುತ್ತಾರೆ, ನಾನು ಓದುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ. ಈಗ ಶಾಲು ಹೊದಿಸಿಕೊಂಡು ಕುಳಿತಿದ್ದಾಗ ಅದರ ಮೇಲೆ ಕಣ್ಣಾಡಿಸಿದೆ. 'ನಮ್ಮ ಸಂಘದ ಹತ್ತನೆಯ ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ' ಎಂದಿದೆ. ಇದು ಹನ್ನೊಂದನೆಯದು. ಅಂದರೆ ಇದು ಹೋದ ವರ್ಷದ ಪುಟ. ನೋಡದೆ ಹೋಗಿದ್ದರೆ ನಾನು ಗಟ್ಟಿಯಾಗಿ ಓದಿಬಿಡುತ್ತಿದ್ದೆ. ನೀವೂ ಚಪ್ಪಾಳೆ ತಟ್ಟಿಬಿಡುತ್ತಿದ್ದಿರಿ, ಅಲ್ಲವೇ?

ರುದ್ರೇಶ, ಬೆವರಬೇಡಿ. ನಿಮ್ಮನ್ನು ದೂರುತ್ತಿಲ್ಲ. ನಾನು ಇವತ್ತು ಹೇಳಬೇಕಾಗಿರುವ ವಿಷಯದ ಮುಂದೆ ಇದು ಏನೂ ಅಲ್ಲ.

ಮುಂದಿನ ಸಾಲಿನ ಕುಟುಂಬದವರಿಗಾಗಿ ಒಂದೆರಡು ಮಾತು. ನಮ್ಮದು ಜಿಲ್ಲಾ ಜೀವಕೋಶ ವಿಶ್ಲೇಷಕರ ಸಂಘ. ಹೆಸರು ದೊಡ್ಡದು, ಕೆಲಸ ಸಣ್ಣದು. ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಕಾಣುವುದಿಲ್ಲ. ನಿಮ್ಮ ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಟ್ಟು, ಅದರಲ್ಲಿ ಯಾವ ಜಾತಿಯ ಬಿಳಿ ಕಣ ಎಷ್ಟಿದೆ ಎಂದು ಎಣಿಸುವವರು ನಾವು. ಈಗ ಯಂತ್ರಗಳು ಬಂದಿವೆ, ಎಣಿಸುತ್ತವೆ. ಯಂತ್ರಕ್ಕೆ ಅನುಮಾನ ಬಂದಾಗ ಮನುಷ್ಯರು ನೋಡಬೇಕು. ಮನುಷ್ಯರಿಗೆ ಅನುಮಾನ ಬಂದಾಗ ಯಾರು ನೋಡಬೇಕು? ಅದಕ್ಕಾಗಿಯೇ ದೊಡ್ಡಬಸಪ್ಪನವರು ಹನ್ನೊಂದು ವರ್ಷದ ಹಿಂದೆ ಈ ಸಂಘ ಕಟ್ಟಿದರು. ಅದರ ಜೊತೆ 'ಸುತ್ತು ಸ್ಲೈಡ್' ಎಂಬ ಪದ್ಧತಿಯನ್ನೂ ತಂದರು.

ಸುತ್ತು ಸ್ಲೈಡ್ ಎಂದರೆ ಇಷ್ಟೇ. ವರ್ಷಕ್ಕೊಮ್ಮೆ ಅಧ್ಯಕ್ಷರು ಒಂದೇ ಒಂದು ಸ್ಲೈಡನ್ನು ಮರದ ಡಬ್ಬಿಯಲ್ಲಿಟ್ಟು ಊರೂರಿಗೆ ಕಳಿಸುತ್ತಾರೆ. ಅದು ಬಸ್ಸಿನಲ್ಲಿ ಕೊಪ್ಪಳದಿಂದ ಗಂಗಾವತಿ, ಅಲ್ಲಿಂದ ಕುಷ್ಟಗಿ, ಅಲ್ಲಿಂದ ಯಲಬುರ್ಗಾ ಸುತ್ತಿ ಬರುತ್ತದೆ. ಇಪ್ಪತ್ತಮೂರು ಜನರೂ ನೂರು ಬಿಳಿ ಕಣ ಎಣಿಸಿ, ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ ರುದ್ರೇಶ ಅವರಿಗೆ ಕೊಡಬೇಕು. ಜುಲೈ ಸಭೆಯಲ್ಲಿ ಲಕೋಟೆ ಒಡೆಯುತ್ತೇವೆ. ಅಧ್ಯಕ್ಷರ ಲಕೋಟೆ ಮೊದಲು. ಅದರಲ್ಲಿ ಏನಿದೆಯೋ ಅದೇ ಸರಿ ಉತ್ತರ. ಉಳಿದವರನ್ನು ಅದರ ಪಕ್ಕ ಇಟ್ಟು ಅಳೆಯುವುದು.

ಈ ವರ್ಷ ನಮ್ಮ ಸಂಘದ ಉತ್ತರಗಳ ಹೊಂದಾಣಿಕೆ ರಾಜ್ಯದಲ್ಲೇ ಮೊದಲು. ಅದಕ್ಕೇ ಈ ಫಲಕ, ಈ ಶಾಲು, ನನ್ನ ನಾಯಕತ್ವದ ಬಗ್ಗೆ ಅತಿಥಿಗಳು ಆಡಿದ ಒಳ್ಳೆಯ ಮಾತುಗಳು. ಇನ್ನು ಸ್ವಲ್ಪ ಹೊತ್ತಿಗೆ ನನ್ನನ್ನು ಮೂರನೆಯ ಬಾರಿ ಅಧ್ಯಕ್ಷೆ ಎಂದು ಘೋಷಿಸಲಾಗುತ್ತದೆ. ಆಮೇಲೆ ವಾರ್ಷಿಕ ವರದಿಗೆ ಕೈ ಎತ್ತಿ ಒಪ್ಪಿಗೆ. ಆಮೇಲೆ ಊಟ.

ಆ ವರದಿಯ ಆರನೆಯ ಪುಟದಲ್ಲಿ ಮೂರು ಸಾಲು ಇದೆ. 'ಯಲಬುರ್ಗಾದ ಸಹಸದಸ್ಯೆ ಕಸ್ತೂರೆಮ್ಮ ಅವರ ಓದುವಿಕೆ ಸಂಘದ ಮಟ್ಟಕ್ಕೆ ಇಲ್ಲದಿರುವುದು ಕಂಡುಬಂದು, ಅಧ್ಯಕ್ಷರೇ ಹತ್ತು ದಿನ ತರಬೇತಿ ನೀಡಿದರು. ಮುಂದಿನ ಒಂದು ವರ್ಷ ಅವರು ಸ್ಲೈಡ್ ಓದುವಂತಿಲ್ಲ.' ನೀವು ಕೈ ಎತ್ತುವ ಮೊದಲು ಆ ಮೂರು ಸಾಲಿನ ಹಿಂದೆ ಏನಿದೆ ಎಂದು ಹೇಳಬೇಕು. ಮೂರು ವಾರದಿಂದ ಹೇಳಬೇಕೆಂದುಕೊಂಡಿದ್ದೆ. ಪ್ರತಿ ದಿನ ಬೆಳಗ್ಗೆ ಧೈರ್ಯ ಬರುತ್ತಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗುತ್ತಿತ್ತು. ಹಾಗಾಗಿ ಊಟದ ಮೊದಲೇ ಹೇಳುತ್ತೇನೆ.

ಜೂನ್ ತಿಂಗಳಲ್ಲಿ ಭಾಗ್ಯನಗರದ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡು ಸ್ಲೈಡ್ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಒಂದು ಮನುಷ್ಯನ ರಕ್ತ, ಒಂದು ಕೋಳಿಯ ರಕ್ತ. ಮನುಷ್ಯನ ಕೆಂಪು ಕಣ ನಡುವೆ ಹೆಬ್ಬೆರಳಿನಿಂದ ಒತ್ತಿದ ಪೇಢೆಯ ಹಾಗೆ ದುಂಡಗೆ ಇರುತ್ತದೆ, ಒಳಗೆ ಏನೂ ಇಲ್ಲ. ಕೋಳಿಯದು ಉದ್ದ ದ್ರಾಕ್ಷಿಯ ಹಾಗೆ, ಒಳಗೆ ಬೀಜ ಎದ್ದು ಕಾಣುತ್ತದೆ. ಒಮ್ಮೆ ನೋಡಿದರೆ ಏಳನೆಯ ತರಗತಿಯ ಮಗುವೂ ಮರೆಯುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಡಿ.

ಮನುಷ್ಯನ ರಕ್ತಕ್ಕೆ ನನ್ನ ಬೆರಳಿತ್ತು. ಕೋಳಿಯ ರಕ್ತಕ್ಕೆ ಶಬ್ಬೀರಸಾಬರ ಅಂಗಡಿಗೆ ಹೋಗಬೇಕಾಯಿತು. ನಮ್ಮ ಮನೆತನದಲ್ಲಿ ಯಾರೂ ಆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಬೆಳಗ್ಗೆ ಏಳಕ್ಕೆ ತಲೆಗೆ ಸೆರಗು ಹೊದ್ದು, ಕೈಯಲ್ಲಿ ಸಣ್ಣ ಬಾಟಲಿ ಹಿಡಿದು ನಿಂತೆ. ಶಬ್ಬೀರಸಾಬರು ಬಾಟಲಿ ನೋಡಿದರು, ನನ್ನ ನೋಡಿದರು.

"ಯಾಕ್ರೀ ಡಾಕ್ಟರಮ್ಮಾರ, ಕೋಳಿಗೂ ಸಕ್ಕರಿ ಕಾಯಿಲೆ ಬಂದೈತೇನ್ರಿ?"

"ಇಲ್ಲ ಸಾಬರ, ಸಾಲಿ ಮಕ್ಕಳಿಗೆ ತೋರಿಸೋದೈತಿ."

"ತಗೋರಿ ತಗೋರಿ. ಇದು ಭಾಳ ಛಲೋ ಕೋಳಿ ಐತ್ರಿ, ರಿಪೋರ್ಟ್ ನಾರ್ಮಲ್ಲೇ ಬರತೈತಿ ನೋಡ್ರಿ."

ಶಬ್ಬೀರಸಾಬರು ನುಡಿದದ್ದು ಅಕ್ಷರಶಃ ನಿಜವಾಯಿತು.

ಒಂಬತ್ತು ಗಂಟೆಗೆ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ನಮ್ಮ ಅತ್ತೆ ಶಿವಬಸಮ್ಮನವರು ಬಾಗಿಲಲ್ಲೇ ನಿಂತಿದ್ದರು.

"ಏನವಾ ಸುರೇಖಾ, ಕೋಳಿ ಅಂಗಡ್ಯಾಗ ನಿಂತಿದ್ದೆಂತ?"

"ಮಾಂಸಕ್ಕಲ್ರೀ ಅತ್ತಿ. ರಕ್ತಕ್ಕ ಹೋಗಿದ್ದೆ."

"ಹಂಗೇನು? ಅದು ಇನ್ನೂ ಛಲೋ ಆತು ನೋಡು."

ಆವತ್ತು ಅತ್ತೆಯವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ಅರ್ಧ ದಿನ ಹೋಯಿತು. ಉಳಿದರ್ಧ ದಿನದಲ್ಲಿ ಮೂರು ಸ್ಲೈಡ್ ಮಾಡಿದೆ. ಎರಡು ನನ್ನ ರಕ್ತದ್ದು, ಒಂದು ಕೋಳಿಯದು. ನನ್ನದರಲ್ಲಿ ಒಂದು ಶಾಲೆಗೆ, ಇನ್ನೊಂದು ಈ ವರ್ಷದ ಸುತ್ತು ಸ್ಲೈಡಿಗೆ. ಮೂರಕ್ಕೂ ಒಂದೇ ಬಣ್ಣ, ಮೂರೂ ಒಂದೇ ತಟ್ಟೆಯಲ್ಲಿ ಒಣಗಿದವು. ಹೆಸರು ಬರೆಯಲು ಪೆನ್ಸಿಲ್ ಹುಡುಕುವಾಗ ಪ್ರಶಸ್ತಿ ಅರ್ಜಿಯ ಬಗ್ಗೆ ಫೋನ್ ಬಂತು. ನಾಯಕತ್ವದ ಕೆಲಸ ನೋಡಿ, ಯಾವಾಗಲೂ ಅವಸರದ್ದೇ. ಮಾತಾಡುತ್ತಾ ಎರಡು ಸ್ಲೈಡ್ ಶಾಲೆಯ ಡಬ್ಬಿಗೆ ಹಾಕಿದೆ, ಒಂದನ್ನು ಮರದ ಡಬ್ಬಿಗೆ ಹಾಕಿದೆ.

ಮಾರನೆಯ ವಾರ ಶಾಲೆಯ ಶಿಕ್ಷಕಿ ಫೋನ್ ಮಾಡಿದರು. "ಮೇಡಂ, ಮಕ್ಕಳು ಎರಡೂ ಒಂದೇ ಥರಾ ಕಾಣ್ತಾವ ಅನ್ನಾಕತ್ಯಾವ್ರಿ."

ನಾನು ಏನು ಹೇಳಿದೆ ಗೊತ್ತೇ? "ಮಕ್ಕಳಿಗೆ ಸರಿಯಾಗಿ ನೋಡಲು ಹೇಳಿ" ಎಂದೆ.

ಮುಂದಿನ ಸಾಲಿನವರು ನಗುತ್ತಿದ್ದೀರಿ. ಸದಸ್ಯರು ಯಾಕೋ ನಗುತ್ತಿಲ್ಲ.

ಈಗ ಅಧ್ಯಕ್ಷರ ಚೀಟಿಯ ವಿಷಯ. ಸ್ಲೈಡ್ ಕಳಿಸುವ ಮೊದಲು ನಾನು ಎಣಿಸಬೇಕಿತ್ತು. ನನ್ನದೇ ರಕ್ತ, ನಾನೇ ಮಾಡಿದ ಸ್ಲೈಡ್, ನನ್ನ ರಕ್ತ ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಹೋದ ವರ್ಷದ ಸುತ್ತು ಸ್ಲೈಡೂ ನನ್ನದೇ ರಕ್ತವಾಗಿತ್ತು. ಆಗ ಮೊದಲ ಜಾತಿಯ ಕಣ ಐವತ್ತೆಂಟು ಬಂದಿತ್ತು. 'ಸದ್ಯಕ್ಕೆ ಇರಲಿ, ಆಮೇಲೆ ಎಣಿಸಿ ತಿದ್ದಿದರಾಯಿತು' ಎಂದು ಐವತ್ತೆಂಟು ಬರೆದೆ. ರುದ್ರೇಶ ಬಂದರು, ಲಕೋಟೆ ಅಂಟಿಸಿಕೊಂಡು ಹೋದರು. ನಾನು ತಡೆಯಲಿಲ್ಲ. ಮಹನೀಯರೇ, ನಿಮ್ಮ ಅಧ್ಯಕ್ಷೆ ಆ ಸ್ಲೈಡನ್ನು ಒಮ್ಮೆಯೂ ನೋಡಲಿಲ್ಲ.

ಇಲ್ಲಿಯವರೆಗಿನ ತಪ್ಪು ನನ್ನೊಬ್ಬಳದು. ಇಲ್ಲಿಂದ ಮುಂದೆ ನಾವೆಲ್ಲರೂ ಪಾಲುದಾರರು.

ಯಾರ ಹೆಸರನ್ನೂ ಹೇಳುವುದಿಲ್ಲ. ಆದರೆ ನಮ್ಮಲ್ಲಿ ಒಂದು ರೂಢಿ ಇದೆ. ಡಬ್ಬಿ ಊರಿಗೆ ಬಂದ ಕೂಡಲೇ ರುದ್ರೇಶ ಅವರ ಫೋನ್ ಬಡಿದುಕೊಳ್ಳುತ್ತದೆ. "ಮೇಡಮ್ಮಾರು ಎಷ್ಟು ಬರದಾರ್ರಿ?" ರುದ್ರೇಶ ಬಹಳ ಮೆತ್ತಗಿನ ಮನುಷ್ಯ, ಇಲ್ಲ ಎನ್ನಲು ಬರುವುದಿಲ್ಲ. "ಐವತ್ತೆಂಟರ ಆಸುಪಾಸು ಐತ್ರಿ" ಎನ್ನುತ್ತಾರೆ. ಎಲ್ಲರೂ ಐವತ್ತೆಂಟೇ ಬರೆದರೆ ನಕಲು ಎಂದು ಗೊತ್ತಾಗುತ್ತದೆ. ಆದ್ದರಿಂದ ಒಬ್ಬರು ಐವತ್ತೇಳು, ಒಬ್ಬರು ಐವತ್ತೊಂಬತ್ತು, ಧೈರ್ಯವಿದ್ದವರು ಅರವತ್ತು. ಆ ಅಂಕಿಗಳನ್ನು ಕಾಗದದ ಮೇಲೆ ಇಟ್ಟು ನೋಡಿದರೆ ಎಷ್ಟು ಸಹಜವಾಗಿ ಹರಡಿಕೊಂಡಿವೆ ಎಂದರೆ, ನಿಜವಾಗಿ ಎಣಿಸಿದ್ದರೂ ಅಷ್ಟು ಸಹಜವಾಗಿ ಬರುತ್ತಿರಲಿಲ್ಲ. ರಾಜ್ಯ ಒಕ್ಕೂಟದವರು ಮೆಚ್ಚಿದ್ದು ಇದನ್ನೇ.

ಹಿಟ್ನಾಳದ ಚಹಾ ಅಂಗಡಿಯೊಂದರಲ್ಲಿ ನಮ್ಮ ಡಬ್ಬಿ ಎರಡು ದಿನ ಮರೆತುಹೋಗಿತ್ತು, ನೆನಪಿದೆಯೇ? ಅದು ಗಂಗಾವತಿ ತಲುಪಿದ್ದು ಗುರುವಾರ. ಗಂಗಾವತಿಯ ಏಳೂ ಲಕೋಟೆಗಳು ಕೊಪ್ಪಳಕ್ಕೆ ಬಂದದ್ದು ಅದೇ ವಾರದ ಮಂಗಳವಾರ. ರುದ್ರೇಶ ಅವರು ಎರಡೂ ತಾರೀಖನ್ನು ಆವಕ ಪುಸ್ತಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಗಂಗಾವತಿಯ ಮಿತ್ರರೇ, ನಿಮ್ಮ ಊರಿನ ಅಕ್ಕಿ ಜಗತ್ತಿಗೆ ಹೋಗುತ್ತದೆ, ಅದನ್ನು ಕಣ್ಣಿನಿಂದ ನೋಡದೆ ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಹೆಚ್ಚು ಹೇಳುವುದಿಲ್ಲ. ಕುಷ್ಟಗಿಯ ಒಬ್ಬ ಹಿರಿಯರು ಒಂದು ಹೆಜ್ಜೆ ಮುಂದೆ ಹೋಗಿ ಷರಾ ಬರೆದಿದ್ದರು: 'ಸದರಿಯವರಲ್ಲಿ ಸ್ವಲ್ಪ ರಕ್ತಹೀನತೆ ಇದೆ. ಹಸಿರು ಸೊಪ್ಪು ಸೇವಿಸಲಿ.' ಆ ಹೊತ್ತಿಗೆ ಸದರಿಯವರು ಯಾರದೋ ಮನೆಯ ಸಾರಿನಲ್ಲಿ ಸೊಪ್ಪಿನ ಜೊತೆಗೇ ಇದ್ದಿರಬೇಕು.

ಇಪ್ಪತ್ತೆರಡು ಲಕೋಟೆ ಒಡೆದೆವು. ಇಪ್ಪತ್ತೆರಡೂ ಸರಿ. ಇಪ್ಪತ್ತಮೂರನೆಯದು ಯಲಬುರ್ಗಾದಿಂದ ಬಂದದ್ದು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಒಂದೇ ಸಾಲು: 'ಇದು ಮನಷ್ಯಾರದು ಅಲ್ಲರಿ, ಕೋಳೀದು ಇದ್ದಂಗ ಐತಿ. ತಪ್ಪಾಗಿದ್ರ ಕ್ಷಮಾ ಮಾಡ್ರಿ.'

ನಾವು ಎಷ್ಟು ನಕ್ಕೆವು! ದೊಡ್ಡಬಸಪ್ಪನವರು ಕಣ್ಣೊರೆಸಿಕೊಂಡು "ಪಾಪ, ಹುಡುಗಿಗೆ ಹಸಿವಾಗಿತ್ತೇನೋ" ಎಂದರು. ನಾನೂ ನಕ್ಕೆ. ನಗುವಾಗ ಒಳಗೆ ಎಲ್ಲೋ ಶಾಲೆಯ ಶಿಕ್ಷಕಿಯ ಫೋನು ಒಮ್ಮೆ ಗುಂಯ್ ಎಂದಿತು. ಎಂದಿತೇ, ಅಥವಾ ಈಗ ಹಾಗನ್ನಿಸುತ್ತಿದೆಯೇ? ನಿಜವಾಗಿ ಗೊತ್ತಿಲ್ಲ. ಗುಂಯ್ ಎಂದಿದ್ದರೂ ನಾನು ಏಳಲಿಲ್ಲ. ಮೈಕ್ರೋಸ್ಕೋಪು ಪಕ್ಕದ ಕೋಣೆಯಲ್ಲೇ ಇತ್ತು. ಹದಿನಾಲ್ಕು ಹೆಜ್ಜೆ. ಆಮೇಲೆ ಅಳೆದಿದ್ದೇನೆ.

ಆಕೆಗೆ ಹತ್ತು ದಿನದ ತರಬೇತಿ ಎಂದು ತೀರ್ಮಾನಿಸಿದೆವು. ಕಸ್ತೂರೆಮ್ಮ ದಿನವೂ ಯಲಬುರ್ಗಾದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದರು. ಒಂಬತ್ತು ದಿನ ನಾನು ಅವರಿಗೆ ಪಾಠ ಮಾಡಿದೆ. ಮೈಕ್ರೋಸ್ಕೋಪು ಎಂದರೇನು ಎಂಬಲ್ಲಿಂದ ಶುರು ಮಾಡಿದೆ. ಆಕೆ ಹದಿನಾರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವರು. "ಹೌದ್ರಿ ಮೇಡಮ್ಮಾರ, ಹೌದ್ರಿ" ಎಂದು ಬರೆದುಕೊಂಡರು.

ಒಂಬತ್ತನೆಯ ದಿನ, ತಪ್ಪು ಎಲ್ಲಾಯಿತು ಎಂದು ತೋರಿಸೋಣವೆಂದು ಆ ಸ್ಲೈಡನ್ನೇ ತಂದಿಟ್ಟೆ. ಗುಂಡಿ ಒತ್ತಿ ಲೆಕ್ಕ ಹಿಡಿಯುವ ಪುಟ್ಟ ಎಣಿಕೆ ಯಂತ್ರ ಎಡಗೈಯಲ್ಲಿ ಹಿಡಿದೆ. ಕಣ್ಣಿಟ್ಟೆ.

ದ್ರಾಕ್ಷಿ ತೋಟ. ಎಲ್ಲಿ ನೋಡಿದರೂ ಬೀಜವಿರುವ ದ್ರಾಕ್ಷಿ.

ಎಷ್ಟು ಹೊತ್ತು ಹಾಗೇ ಬಾಗಿದ್ದೆನೋ. ಕಣ್ಣು ತೆಗೆದರೆ ಆಕೆಯ ಮುಖ ನೋಡಬೇಕಾಗುತ್ತದಲ್ಲ, ಅದಕ್ಕೆ ಬಾಗಿಯೇ ಇದ್ದೆ. ಬೆನ್ನ ಹಿಂದೆ ಕಸ್ತೂರೆಮ್ಮ ನಿಂತಿದ್ದರು. ಕೊನೆಗೆ ಅವರೇ ಕೇಳಿದರು.

"ಮೇಡಮ್ಮಾರ, ನಾಳೆನೂ ಬರಬೇಕೇನ್ರಿ?"

ನಾನು "ಬಾ" ಎಂದೆ.

ಇದನ್ನು ಹೇಳುವುದು ಕಷ್ಟ. ಬಾ ಎಂದೆ! ಯಾಕೆ? ತರಬೇತಿಯ ಪ್ರಮಾಣಪತ್ರದಲ್ಲಿ ಹತ್ತು ದಿನ ಎಂದು ಅಚ್ಚಾಗಿತ್ತು, ಅದಕ್ಕೆ. ಹತ್ತನೆಯ ದಿನ ಅವರು ಬಂದಾಗ "ನೀವು ಕುಳಿತುಕೊಳ್ಳಿ" ಎಂದೆ. ಒಂಬತ್ತು ದಿನ ನೀನು, ಬಾ, ಹೋಗು ಎಂದವಳು ಬಹುವಚನ ಹಚ್ಚಿದ್ದು ಕೇಳಿ ಕಸ್ತೂರೆಮ್ಮ ಗಾಬರಿಯಾದರು. "ನನ್ನ ಕೆಲಸದಿಂದ ತೆಗದ್ರೇನ್ರಿ?" ಎಂದು ಅತ್ತೇಬಿಟ್ಟರು. ಅವರಿಗೆ ಚಹಾ ಕುಡಿಸಿ ಕೇಳಿದೆ: "ಕೋಳೀದು ಅಂತ ಹೆಂಗ ಗೊತ್ತಾತು?"

"ಪುಸ್ತಕದ ಕೊನೀ ಪುಟದಾಗ ಚಿತ್ರ ಐತ್ರಿ. ಪರೀಕ್ಷಾಕ ಬರಂಗಿಲ್ಲ ಅಂತ ಯಾರೂ ನೋಡಿರಂಗಿಲ್ಲ."

"ಹಂಗಾರ ನಾ ಎಷ್ಟು ಬರದೀನಿ ಅಂತ ನೀವು ಫೋನ್ ಮಾಡಿ ಕೇಳಲಿಲ್ಲೇನು?"

"ರುದ್ರೇಶ ಸರ್ ತಾವ ಮಾಡಿ ಹೇಳಿದ್ರಿ. ಆದ್ರ ನಾ ಅಷ್ಟೊತ್ತಿಗೆ ನೋಡಿಬಿಟ್ಟಿದ್ನೆಲ್ಲರಿ. ಒಮ್ಮೆ ನೋಡಿದ ಮ್ಯಾಲೆ ಏನ್ ಮಾಡೂದು?"

ಒಮ್ಮೆ ನೋಡಿದ ಮೇಲೆ ಏನು ಮಾಡುವುದು. ನಾನು ನೋಡಿ ಮೂರು ವಾರವಾಯಿತು. ನಾನು ಮಾಡಿದ್ದೇನೆಂದರೆ ಈ ಸಮಾರಂಭಕ್ಕೆ ಸೀರೆ ಆರಿಸಿದ್ದು.

ನಾನು ಚಿಕ್ಕವಳಿದ್ದಾಗ ತರಗತಿಯ ಲೀಡರ್ ಆಗಿದ್ದೆ. ಪರೀಕ್ಷೆಯ ನಂತರ ಹೊರಗೆ ಬಂದು ಉತ್ತರ ಹೇಳುತ್ತಿದ್ದೆ, ಎಲ್ಲರೂ ತಮ್ಮದನ್ನು ತಾಳೆ ನೋಡುತ್ತಿದ್ದರು. ನನ್ನದಕ್ಕೆ ಹೊಂದಿದವರು ಕುಣಿಯುತ್ತಿದ್ದರು, ಹೊಂದದವರು ಅಳುತ್ತಿದ್ದರು. ಒಂದು ಸಲ ನನ್ನ ಉತ್ತರವೇ ತಪ್ಪಾಗಿತ್ತು. ಅತ್ತ ಹುಡುಗಿಯದು ಸರಿಯಿತ್ತು. ಅಂಕ ಬಂದ ದಿನ ಅವಳೇ ನನ್ನ ಹತ್ತಿರ ಬಂದು ಕ್ಷಮೆ ಕೇಳಿದಳು! ನಾನು ಕ್ಷಮಿಸಿದೆ ಕೂಡ. ಈ ಘಟನೆಯನ್ನು ನಾನು ಇದುವರೆಗೆ ತಮಾಷೆಯಾಗಿ ಹೇಳುತ್ತಿದ್ದೆ. ಇವತ್ತು ಹೇಳುವಾಗ ಅಷ್ಟು ತಮಾಷೆ ಎನ್ನಿಸುತ್ತಿಲ್ಲ. ನಾನು ನಾಯಕಿಯಾಗಲು ಹೊರಟದ್ದು ಎಲ್ಲರೂ ಸರಿ ಉತ್ತರ ಬರೆಯಲಿ ಎಂದೋ, ನನ್ನ ಉತ್ತರ ಬರೆಯಲಿ ಎಂದೋ?

ಇರಲಿ. ಹುಗ್ಗಿಯ ವಾಸನೆ ಬರುತ್ತಿದೆ, ನಿಮ್ಮ ತಾಳ್ಮೆಯ ಮಿತಿ ನನಗೆ ಗೊತ್ತು.

ಈಗ ಕಸ್ತೂರೆಮ್ಮ ತಮ್ಮ ಪ್ರಯೋಗಾಲಯದಲ್ಲಿ ಸ್ಲೈಡ್ ಓದುತ್ತಿಲ್ಲ. ಬಾಗಿಲ ಬಳಿಯ ಮೇಜಿನಲ್ಲಿ ಬಂದವರ ಹೆಸರು, ವಯಸ್ಸು ಬರೆದುಕೊಳ್ಳುತ್ತಾರೆ. ನಿನ್ನೆಯಷ್ಟೇ ಮಾಲೀಕರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. "ವರದಿಯಾಗ ಹಂಗ ಬರದೀರಲ್ರೀ ಮೇಡಂ, ಬಾಯಿಮಾತಿಲೆ ನಾ ಆಕೀನ್ನ ಮತ್ತ ಸ್ಲೈಡಿಗೆ ಹೆಂಗ ಕೂಡಿಸ್ಲಿ?" ಎಂದರು. ನ್ಯಾಯವಾದ ಮಾತು. ನೀವು ಇವತ್ತು ಆ ವರದಿಗೆ ಕೈ ಎತ್ತಿದರೆ ಇನ್ನೊಂದು ವರ್ಷ ಅವರು ಹೆಸರು ಬರೆಯುತ್ತಾರೆ. ಜಿಲ್ಲೆಯಲ್ಲಿ ನೋಡಿ ಬರೆಯುವ ಏಕೈಕ ವ್ಯಕ್ತಿ, ನೋಡುವ ಕೆಲಸ ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಾರೆ.

ಆದ್ದರಿಂದ ಆರನೆಯ ಪುಟದ ಆ ಮೂರು ಸಾಲನ್ನು ನಾನು ಹೊಡೆದುಹಾಕಿದ್ದೇನೆ. ಅಲ್ಲಿ ಬೇರೆ ಮೂರು ಸಾಲು ಬರೆದು ಸಹಿ ಮಾಡಿದ್ದೇನೆ: 'ಈ ವರ್ಷದ ಸುತ್ತು ಸ್ಲೈಡ್ ಕೋಳಿಯ ರಕ್ತದ್ದು. ಅದನ್ನು ಸರಿಯಾಗಿ ಓದಿದವರು ಕಸ್ತೂರೆಮ್ಮ ಒಬ್ಬರೇ. ಓದದವರಲ್ಲಿ ಅಧ್ಯಕ್ಷೆ ಮೊದಲಿಗರು.' ನಿಮ್ಮ ಕೈ ಇದಕ್ಕೆ ಏಳಲಿ ಎಂದು ಬೇಡುತ್ತೇನೆ.

ಮೂರನೆಯ ಬಾರಿಯ ಅಧ್ಯಕ್ಷತೆಗೆ ನನ್ನ ಹೆಸರನ್ನು ವಾಪಸು ಪಡೆದಿದ್ದೇನೆ. ದಯವಿಟ್ಟು ಬೀಳ್ಕೊಡುಗೆ ಇಡಬೇಡಿ, ಅದಕ್ಕೂ ಒಂದು ಶಾಲು ತರುತ್ತೀರಿ. ಈ ಶಾಲನ್ನು ಇಗೋ ಮಡಚಿ ಕುರ್ಚಿಯ ಮೇಲೆ ಇಡುತ್ತಿದ್ದೇನೆ. ಅತಿಥಿಗಳೇ, ಫಲಕವನ್ನು ದಯವಿಟ್ಟು ಮಡಿಲಲ್ಲೇ ಇಟ್ಟುಕೊಂಡು ಮರಳಿ ಒಯ್ಯಿರಿ. ನಿಮಗೆ ಭಾರವಾದರೆ ಶಬ್ಬೀರಸಾಬರಿಗೆ ಕೊಡಬಹುದು, ಜಿಲ್ಲೆಯಲ್ಲಿ ಎಲ್ಲರಿಗಿಂತ ಮೊದಲು ನಿಖರ ವರದಿ ಕೊಟ್ಟವರು ಅವರು.

ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೀರಾ ಎಂದು ಕಸ್ತೂರೆಮ್ಮ ಅವರನ್ನು ಕೇಳಿದೆ. "ಅದೆಲ್ಲ ನನಗ ಬ್ಯಾಡ್ರಿ ಯಕ್ಕಾರ. ನನ್ನ ಕುರ್ಚಿ ನನಗ ಕೊಡಸ್ರಿ ಸಾಕು" ಎಂದರು. ಹನ್ನೊಂದು ವರ್ಷದಲ್ಲಿ ಈ ಸಂಘದಲ್ಲಿ ಯಾರಾದರೂ ಕುರ್ಚಿ ಬೇಡ ಎಂದದ್ದು ಇದೇ ಮೊದಲು. ಅವರಿಗೆ ಬೇಕಾದ ಕುರ್ಚಿ ಮೈಕ್ರೋಸ್ಕೋಪಿನ ಮುಂದಿನದು. ಆದರೆ ಒಂದು ಕೆಲಸಕ್ಕೆ ಒಪ್ಪಿಸಿದ್ದೇನೆ. ಬರುವ ವರ್ಷದ ಸುತ್ತು ಸ್ಲೈಡನ್ನು ಅವರೇ ಮಾಡಿ ತಂದಿದ್ದಾರೆ.

ಅದು ಊಟದ ಮನೆಯ ಬಾಗಿಲ ಬಳಿಯ ಮೇಜಿನ ಮೇಲೆ, ಮೈಕ್ರೋಸ್ಕೋಪಿನಲ್ಲಿ ಇದೆ. ಎಣಿಸಬೇಡಿ. ಬರಿ ಒಮ್ಮೆ ನೋಡಿ, ಯಾರ ರಕ್ತ ಎಂದು ಚೀಟಿಯಲ್ಲಿ ಬರೆದು ಒಳಗೆ ಹೋಗಿ. ಚೀಟಿ ಇಲ್ಲದವರಿಗೆ ಹುಗ್ಗಿ ಇಲ್ಲ, ಬಡಿಸುವವರಿಗೆ ಹೇಳಿದ್ದೇನೆ. ದೊಡ್ಡಬಸಪ್ಪ ಸರ್, ನಿಮ್ಮ ಕನ್ನಡಕ ರುದ್ರೇಶ ಅವರ ಕಿಸೆಯಲ್ಲಿದೆ. ರುದ್ರೇಶ, ನಿಮ್ಮ ಫೋನು ನನ್ನ ಚೀಲದಲ್ಲಿದೆ. ಕುಟುಂಬದವರೂ ನೋಡಬಹುದು, ಏಳನೆಯ ತರಗತಿಯವರಿಗೆ ಮೊದಲ ಆದ್ಯತೆ.

ಉತ್ತರ ಏನೆಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಬೆಳಗ್ಗೆ ಕಸ್ತೂರೆಮ್ಮ ಅವರನ್ನು ಕೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, "ನೋಡ್ರಿ, ತಿಳೀತೈತಿ" ಎಂದರು.

ಈಗ ಹಿಂದಕ್ಕೆ ತಿರುಗಬಹುದು. ಕಂಬದ ಬಲಗಡೆ, ಹಸಿರು ಸೀರೆ.

ಮಾತು ಕೇಳಿದ ನಿಮಗೆ, ನಗದೆ ಕುಳಿತವರಿಗೆ ಸ್ವಲ್ಪ ಹೆಚ್ಚಾಗಿ, ನನ್ನ ಧನ್ಯವಾದಗಳು. ನಾನು ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ನಮಸ್ಕಾರ.